ಎಂಎಸ್‌ಡಬ್ಲ್ಯು ಮುಗಿಸಿ ದುರ್ಗದಲ್ಲೇ ಉಳಿಯಬಹುದೇ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಬಿಎಸ್‌ಡಬ್ಲ್ಯು, ಎಂಎಸ್‌ಡಬ್ಲ್ಯು ಓದುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕೇಳೋ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಇದನ್ನ ಓದಿದ್ರೆ ಏನು ಕೆಲಸ ಸಿಗುತ್ತೆ? ಬೆಂಗಳೂರಿಗೇ ಹೋಗಬೇಕಾ?’ ‘ಯಾವುದಾದರೂ ಎನ್‌ಜಿಒ ಸೇರ್ಕೊಳ್ಳಿ’ ಅನ್ನೋ ಹಾರಿಕೆ ಉತ್ತರದಿಂದ ಅವರಿಗೆ ಪ್ರಯೋಜನವಿಲ್ಲ. ನಾನು ಹೇಳೋದು ಇಷ್ಟು: ಸಮಾಜಕಾರ್ಯ ಬಲ್ಲವರು ಇರಬೇಕು ಅಂತ ಕಾನೂನು ಅಥವಾ ಯೋಜನೆ ಎಲ್ಲೆಲ್ಲಿ ಬರೆದಿಟ್ಟಿದೆಯೋ ಅಲ್ಲಿ ನಿಮ್ಮ ಪದವಿಗೆ ಬೆಲೆ ಇದೆ. ಅದನ್ನು ತಿಳಿದುಕೊಂಡು ವಿಶೇಷ ವಿಷಯ ಆರಿಸಿಕೊಳ್ಳಿ. ಆ ಹುದ್ದೆಗಳಲ್ಲಿ ಬಹುಪಾಲು ಗುತ್ತಿಗೆಯವು ಅನ್ನೋದನ್ನೂ ಮೊದಲೇ ತಿಳಿದಿರಿ.

ಮಕ್ಕಳ ರಕ್ಷಣೆ

ಊರು ಬಿಡದೆ ಕೆಲಸ ಮಾಡಬೇಕು ಅನ್ನೋರಿಗೆ ಮೊದಲ ಬಾಗಿಲು ಇದು. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ, ಕಾನೂನಿನ ಜೊತೆ ಸಂಘರ್ಷಕ್ಕೆ ಒಳಗಾದ ಮಗುವನ್ನು ಮಂಡಳಿ ಮುಂದೆ ಹಾಜರುಪಡಿಸಿದ 15 ದಿನದೊಳಗೆ ಸಾಮಾಜಿಕ ತನಿಖಾ ವರದಿ ಸಲ್ಲಿಸಬೇಕು. ಮನೆ, ಶಾಲೆ, ಸ್ನೇಹಿತರು, ಸಾಲ, ವಲಸೆ ಎಲ್ಲವನ್ನೂ ನೋಡಿ ಬರೆಯುವ ಈ ವರದಿಯ ಮೇಲೆ ಮಗುವಿನ ಮುಂದಿನ ದಾರಿ ನಿಂತಿರುತ್ತದೆ. ಇಂಥ ಕೆಲಸಕ್ಕೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ. ರಕ್ಷಣಾಧಿಕಾರಿ, ಆಪ್ತಸಮಾಲೋಚಕರು, ಸಮಾಜ ಕಾರ್ಯಕರ್ತರು ಅಲ್ಲಿನ ಹುದ್ದೆಗಳು. 2023ರಿಂದ 1098 ಸಹಾಯವಾಣಿಯೂ ಇಲಾಖೆಯ ವ್ಯವಸ್ಥೆಯೊಳಗೆ ಬಂದಿದೆ.

ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ, ಅವರಲ್ಲಿ ಒಬ್ಬರು ಮಹಿಳೆ. ಇದು ಪದವಿ ಮುಗಿದ ಕೂಡಲೇ ಸಿಗುವ ಸ್ಥಾನವಲ್ಲ. ಮಕ್ಕಳಿಗಾಗಿ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣ ಕ್ಷೇತ್ರದಲ್ಲಿ 7 ವರ್ಷ ದುಡಿದ ಅನುಭವವನ್ನು ಕಾಯ್ದೆ ನೋಡುತ್ತದೆ. ಆದ್ದರಿಂದ ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡಿದರೂ ಅನುಭವ ಪತ್ರ ತಗೊಳ್ಳೋದನ್ನ ಮರೀಬೇಡಿ.

ಆಸ್ಪತ್ರೆ ಮತ್ತು ಮಾನಸಿಕ ಆರೋಗ್ಯ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಿಗೂ ಜಾಗ ಇದೆ. ಇಲ್ಲಿ ಒಂದು ಮಾತು ಸರಿಯಾಗಿ ಗೊತ್ತಿರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯೆಗೆ ಎಂಎಸ್‌ಡಬ್ಲ್ಯು ಒಂದೇ ಸಾಲದು, ಅದರ ಮೇಲೆ 2 ವರ್ಷದ ಪೂರ್ಣಾವಧಿ ಎಂ.ಫಿಲ್ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಈ ತರಬೇತಿಗೆ ಹೆಸರಾದ ಸಂಸ್ಥೆ. ಎಂ.ಫಿಲ್ ಆಗದವರಿಗೆ ಎಚ್‌ಐವಿ ಪರೀಕ್ಷಾ ಕೇಂದ್ರಗಳ ಆಪ್ತಸಮಾಲೋಚಕರ ಹುದ್ದೆಗಳಿವೆ. ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುವ ಹಿರಿಯೂರು, ಚಿತ್ರದುರ್ಗದಂಥ ಊರುಗಳಲ್ಲಿ ಲಾರಿ ಚಾಲಕರ ನಡುವೆ ಮಾಡುವ ಕೆಲಸಕ್ಕೆ ಮಹತ್ವ ಹೆಚ್ಚು. 2021ರ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನೂ ತನ್ನ ಪಟ್ಟಿಗೆ ಸೇರಿಸಿದೆ. ಮುಂದೆ ಈ ಕ್ಷೇತ್ರಕ್ಕೆ ನೋಂದಣಿ ಬೇಕಾಗುತ್ತೆ, ಗಮನದಲ್ಲಿರಲಿ.

ಗಣಿ, ಕಾರ್ಖಾನೆ, ಸಿಎಸ್‌ಆರ್

ಎಚ್‌ಆರ್ ತೆಗೆದುಕೊಂಡವರಿಗೆ ಕಲ್ಯಾಣಾಧಿಕಾರಿ ಹುದ್ದೆ ಹಳೆಯ ದಾರಿ. 1948ರ ಕಾರ್ಖಾನೆ ಕಾಯ್ದೆಯಲ್ಲಿ 500 ಕಾರ್ಮಿಕರಿದ್ದರೆ ಕಲ್ಯಾಣಾಧಿಕಾರಿ ಕಡ್ಡಾಯ ಅಂತಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಅದನ್ನು 250ಕ್ಕೆ ಇಳಿಸಿತು, ಗಣಿಗಳನ್ನೂ ಸೇರಿಸಿತು. ಆದರೂ ದೊಡ್ಡ ಕಾರ್ಖಾನೆಗಳು ಹೆಚ್ಚಿರೋದು ತುಮಕೂರಿನ ವಸಂತನರಸಾಪುರ, ಬೆಂಗಳೂರಿನ ಪೀಣ್ಯದ ಕಡೆ. ಎಚ್‌ಆರ್ ಹಿಡಿದರೆ ಊರು ಬಿಡೋಕೆ ತಯಾರಾಗಿ.

ನಮ್ಮಲ್ಲಿರೋದು ಗಣಿ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳಲ್ಲಿ ಅದಿರು ತೆಗೆದ ಊರುಗಳಿವೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ತುಮಕೂರು ಜೊತೆಗೆ ನಮ್ಮ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನೂ ನಿಲ್ಲಿಸಿತ್ತು. ಆಮೇಲೆ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗುತ್ತಿಗೆಗಳು ರಾಜಧನದ 30%, ಹರಾಜಾದ ಗುತ್ತಿಗೆಗಳು 10% ಕಟ್ಟಬೇಕು. ಇದು ಗಣಿಬಾಧಿತ ಜನರ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಮೀಸಲಾದ ಹಣ. ಯಾವ ಹಳ್ಳಿಗೆ ಏನು ಬೇಕು ಅಂತ ಗ್ರಾಮಸಭೆಯಲ್ಲಿ ಕೂತು ಪಟ್ಟಿ ಮಾಡಬಲ್ಲವರು, ಖರ್ಚಾದ ಮೇಲೆ ಹೋಗಿ ನೋಡಬಲ್ಲವರು ಇದಕ್ಕೆ ಬೇಕು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ 2% ಅನ್ನು ಸಾಮಾಜಿಕ ಕೆಲಸಕ್ಕೆ ಇಡಬೇಕಾಗಿರುವುದರಿಂದ ಸಿಎಸ್‌ಆರ್ ವಿಭಾಗಗಳೂ ಇಂಥವರನ್ನೇ ಹುಡುಕುತ್ತವೆ.

ಸಮುದಾಯದ ಕೆಲಸ

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅಂಥ ಬಡಾವಣೆಯಲ್ಲಿ ದೂರು ಬರೆಸೋದು, ಪರಿಹಾರದ ಕಾಗದ ಓಡಿಸೋದು, ಜನರನ್ನು ಸಂಘಟಿಸೋದು ಪಠ್ಯದಲ್ಲಿ ಓದುವ ‘ಸಮುದಾಯ ಸಂಘಟನೆ’ಯೇ. ಹಿರಿಯೂರು ಕಡೆಯ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಹೊರಗಿಡುವ ಪದ್ಧತಿಯೂ ಕಟ್ಟಡ ಕಟ್ಟಿದ ಮಾತ್ರಕ್ಕೆ ಹೋಗೋದಿಲ್ಲ. ವರ್ಷಗಟ್ಟಲೆ ಅದೇ ಹಟ್ಟಿಗೆ ಹೋಗಿ ಹೆಂಗಸರ ಜೊತೆ ಕೂತು ಮಾತಾಡುವವರು ಬೇಕು. ಸ್ಥಳೀಯರಾದ ನಿಮಗೆ ಭಾಷೆ, ನಂಟು ಎರಡೂ ಇವೆ. ಹೊರಗಿನಿಂದ ಬಂದವರಿಗೆ ಅವು ಸುಲಭಕ್ಕೆ ಸಿಗಲ್ಲ.

ಸಂಬಳದ ಮಾತು

2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ಜಿಲ್ಲಾ ಘಟಕದ ಸಮಾಜ ಕಾರ್ಯಕರ್ತರ ಮಾಸಿಕ ಸಂಭಾವನೆ 18,536 ರೂಪಾಯಿ, ರಕ್ಷಣಾಧಿಕಾರಿಯದು 27,804 ರೂಪಾಯಿ. ನಮ್ಮದು ಆರು ತಾಲ್ಲೂಕಿನ ಜಿಲ್ಲೆ. ಹೊಸದುರ್ಗದ ಮೂಲೆಯಿಂದ ಮೊಳಕಾಲ್ಮೂರಿನ ಮೂಲೆವರೆಗೆ ಓಡಾಡುವವರ ಲೆಕ್ಕ ಇದು. 2009ರಲ್ಲಿ ಐಸಿಪಿಎಸ್ ಅಂತಿದ್ದ ಯೋಜನೆಗೆ ಈಗ ಮಿಷನ್ ವಾತ್ಸಲ್ಯ ಅಂತ ಹೆಸರು. ಹೆಸರು ಬದಲಾಯಿತು, ಗುತ್ತಿಗೆ ಬದಲಾಗಲಿಲ್ಲ. ಮಕ್ಕಳಿಗೆ ಭದ್ರತೆ ಕೊಡಿಸಬೇಕಾದವರಿಗೇ ಭದ್ರತೆ ಇಲ್ಲದಿದ್ದರೆ ಅನುಭವಿಗಳು ಬಿಟ್ಟು ಹೋಗ್ತಾರೆ, ಪ್ರತಿ ಮಗುವೂ ಹೊಸಬರ ಮುಂದೆ ತನ್ನ ಕಥೆ ಮತ್ತೆ ಹೇಳಬೇಕಾಗುತ್ತೆ. ಇದು ಬರೀ ಸಂಬಳದ ಪ್ರಶ್ನೆ ಅಲ್ಲ, ಸರ್ಕಾರ ಉತ್ತರ ಕೊಡಲೇಬೇಕಾದ ವಿಷಯ.

ಓದುವಾಗಲೇ ಮಾಡಬೇಕಾದ್ದು

ಕ್ಷೇತ್ರಕಾರ್ಯವನ್ನು ಹಾಜರಿಗಾಗಿ ಮುಗಿಸಬೇಡಿ. ಒಂದು ಸೆಮಿಸ್ಟರ್ ಮಕ್ಕಳ ರಕ್ಷಣಾ ಘಟಕ, ಇನ್ನೊಂದು ಆಸ್ಪತ್ರೆ, ಮತ್ತೊಂದು ಗಣಿಬಾಧಿತ ಪಂಚಾಯಿತಿ ಅಂತ ವಿಭಾಗದವರನ್ನು ಕೇಳಿ ಹಾಕಿಸಿಕೊಳ್ಳಿ. ಪ್ರಕರಣದ ವರದಿಯನ್ನು ಶುದ್ಧ ಕನ್ನಡದಲ್ಲಿ ಎರಡು ಪುಟದಲ್ಲಿ ಬರೆಯೋದನ್ನ ರೂಢಿಸಿಕೊಳ್ಳಿ. ಬಾಲನ್ಯಾಯ, ಪೋಕ್ಸೊ, ಕೌಟುಂಬಿಕ ದೌರ್ಜನ್ಯ ತಡೆ, ಈ ಮೂರು ಕಾಯ್ದೆಗಳ ಮೂಲಪಠ್ಯ ಓದಿ. ಪಾಠ ಮಾಡುವ ಆಸೆ ಇದ್ದರೆ ನೆಟ್ ಅಥವಾ ಕೆಸೆಟ್‌ಗೆ ಕೂರಿ. ಕಾಯಂ ನೌಕರಿ ಬೇಕಂದ್ರೆ, ಯಾವುದೇ ಪದವೀಧರರು ಬರೆಯಬಹುದಾದ ಪಿಡಿಒ ಪರೀಕ್ಷೆಗೂ ಜೊತೆಯಲ್ಲೇ ತಯಾರಾಗಿ. ಸಮಾಜಕಾರ್ಯ ಓದಿದ ಪಿಡಿಒ ಒಬ್ಬರು ಪಂಚಾಯಿತಿಯಲ್ಲಿದ್ದರೆ, ಆ ಊರಿಗೂ ಅದು ಲಾಭವೇ.