ಬಸ್ಸಿಳಿದರೆ ಸಿಗುವ ಕಥೆ

ಲಂಡನ್ನಿನ ಹಾಪ್-ಆನ್ ಹಾಪ್-ಆಫ್ ಬಸ್ಸಲ್ಲಿ ಒಂದೇ ಟಿಕೆಟ್. ಎಲ್ಲಿ ಬೇಕಾದ್ರೂ ಇಳೀಬಹುದು, ಮತ್ತೆ ಹತ್ತಬಹುದು. ನಾವೋ ಮೇಲಿನ ಸೀಟು ಬಿಟ್ಟೇಳಲ್ಲ. ‘ಮಾನ್ಯುಮೆಂಟ್’ ಹತ್ತಿರವಾದ್ರೂ ಇಳೀರಿ. 1666ರ ಮಹಾಬೆಂಕಿಯ ನೆನಪಿಗೆ ನಿಲ್ಲಿಸಿದ ಕಂಬ, 311 ಮೆಟ್ಟಿಲು.

ಬೆಂಕಿ ಹತ್ತಿದ್ದು ಪಕ್ಕದ ಪುಡಿಂಗ್ ಲೇನಿನ ಬೇಕರಿಯಲ್ಲಿ. ಗಲ್ಲಿಗೇರಿದ್ದು ಮಾತ್ರ ರಾಬರ್ಟ್ ಹ್ಯೂಬರ್ಟ್ ಎಂಬ ಫ್ರೆಂಚ್ ಗಡಿಯಾರ ತಯಾರಕ. ತಾನೇ ಹಚ್ಚಿದೆ ಅಂದಿದ್ದ. ಆ ದಿನ ಅವನಿನ್ನೂ ಲಂಡನ್ನಿಗೇ ಬಂದಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು.

ಅಷ್ಟಾದರೂ 1681ರಲ್ಲಿ ಕ್ಯಾಥೊಲಿಕರನ್ನು ದೂರುವ ಸಾಲೊಂದನ್ನು ಕಂಬದ ಮೇಲೆ ಕೆತ್ತಿಸಿದರು. ಮಧ್ಯೆ ಒಮ್ಮೆ ಅಳಿಸಿ, ಮತ್ತೆ ಕೆತ್ತಿದರು. ಕೊನೆಗೆ ಕಿತ್ತುಹಾಕಿದ್ದು 1830ರಲ್ಲಿ.

ಖಚಿತವಾದ ಮಾತಿಗೆ ನಾವು ‘ಶಿಲಾಶಾಸನ’ ಅಂತೀವಿ. ಈಗ ಶಾಸನ ಕಂಡ್ರೆ, ಕೆತ್ತಿಸಿದವರು ಯಾರು ಅಂತ ಮೊದಲು ಕೇಳ್ತೀನಿ.