ದಾರೂಖಾನಾದ ದಾರೂ ಎಲ್ಲಿ ಹೋಯಿತು?

ಮುಂಬೈಯ ಹಾರ್ಬರ್ ಲೈನಿನಲ್ಲಿ ರೇ ರೋಡ್ ಸ್ಟೇಷನ್ನಿಗೆ ಇಳಿದು ಸಮುದ್ರದ ಕಡೆಗೆ ನಡೆದರೆ ದಾರೂಖಾನಾ ಎಂಬ ಜಾಗ ಸಿಗುತ್ತದೆ. ಹೆಸರು ಕೇಳಿದ ಹೊಸಬರು ಇದು ಹೆಂಡದಂಗಡಿಗಳ ಕೇರಿ ಇರಬೇಕು ಎಂದುಕೊಳ್ಳುತ್ತಾರೆ. ಅಲ್ಲಿ ಕಾಣುವುದು ಬರೀ ಕಬ್ಬಿಣ. ಒಡೆದ ಹಡಗುಗಳ ತಗಡು, ಸರಪಳಿ, ಲಂಗರು, ತುಕ್ಕು ಹಿಡಿದ ಕೊಳವೆಗಳ ರಾಶಿ. ದೇಶದ ಮೊದಲ ವಿಮಾನವಾಹಕ ಯುದ್ಧನೌಕೆ ಐಎನ್‌ಎಸ್ ವಿಕ್ರಾಂತ್ 2014ರಲ್ಲಿ ಗುಜರಿಯಾಗಿ ಬಂದದ್ದು ಇಲ್ಲಿಗೇ.

ಹಾಗಾದರೆ ದಾರೂ ಯಾವುದು? ಮರಾಠಿಯಲ್ಲಿ 'ದಾರೂ' ಎಂದರೆ ಹೆಂಡವೂ ಹೌದು, ಫಿರಂಗಿಗೆ ತುಂಬುವ ಮದ್ದೂ ಹೌದು. ಪಟಾಕಿಗೆ ಅಲ್ಲಿ 'ಶೋಭೇಚೀ ದಾರೂ' ಎನ್ನುತ್ತಾರೆ, ಎಂದರೆ ಅಲಂಕಾರಕ್ಕೆ ಸುಡುವ ಮದ್ದು. ದಾರೂಖಾನಾ ಎಂದರೆ ಮದ್ದಿನ ಮನೆ. ಅದರ ಮಗ್ಗುಲಲ್ಲೇ ಪೌಡರ್ ವರ್ಕ್ಸ್ ಬಂದರ್ ಇದೆ, ಸ್ವಲ್ಪ ದಕ್ಷಿಣಕ್ಕೆ ಮಜಗಾಂವ್‌ನಲ್ಲಿ ಗನ್‌ಪೌಡರ್ ರೋಡ್ ಇದೆ. ಕಂಪನಿ ಸರಕಾರದ ಕಾಲದ ಮದ್ದಿನ ವಹಿವಾಟು ಎರಡೂ ಭಾಷೆಗಳಲ್ಲಿ ತನ್ನ ವಿಳಾಸ ಬರೆದಿಟ್ಟು ಹೋಗಿದೆ.

ಫಾರಸಿಯ 'ದಾರೂ' ಮೂಲದಲ್ಲಿ ಔಷಧಿ. ನಮ್ಮ 'ಮದ್ದು' ಎಂಬ ಪದದ ಕತೆಯೂ ಇದೇ. ಕೆಮ್ಮಿಗೆ ಕುಡಿಯುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು, ಹಗೆಯ ಊಟದಲ್ಲಿ ಬೆರೆಸುವುದೂ ಮದ್ದು. ಚೀನೀಯರು ಈ ಕರಿಪುಡಿಗೆ ಇಟ್ಟ ಹೆಸರು 'ಹುವೊ ಯಾವೊ', ಎಂದರೆ ಬೆಂಕಿಯ ಔಷಧಿ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳನ್ನು ಮೊದಲು ಕೂಡಿಸಿದವರು ಸೈನಿಕರಲ್ಲ, ಔಷಧಿ ಅರೆಯುತ್ತಿದ್ದವರು ಎಂಬ ನೆನಪು ಒಂದಕ್ಕೊಂದು ಸಂಬಂಧವಿಲ್ಲದ ಭಾಷೆಗಳಲ್ಲಿ ಉಳಿದುಕೊಂಡಿದೆ.

ಪೆಟ್ಲುಪ್ಪು ಎಂಬ ಪದವನ್ನೂ ಒಮ್ಮೆ ನೋಡಬೇಕು. ಪೆಟ್ಲು ಎಂದರೆ ಬಿದಿರಿನ ಕೊಳವೆಯಲ್ಲಿ ಸಣ್ಣ ಕಾಯಿ ತುರುಕಿ, ಹಿಂದಿನಿಂದ ಕಡ್ಡಿಯಲ್ಲಿ ದೂಡಿ, ಟಪ್ ಎನ್ನಿಸುವ ಮಕ್ಕಳ ಆಟಿಕೆ. ಬೆಂಕಿಯಿಲ್ಲ, ಹೊಗೆಯಿಲ್ಲ, ಕೊಳವೆಯಲ್ಲಿ ಸಿಕ್ಕಿಬಿದ್ದ ಗಾಳಿಯದೇ ಕೆಲಸ. ಸಾಮ್ರಾಜ್ಯಗಳನ್ನು ಕೆಡವಿದ ಲವಣಕ್ಕೂ ಮಕ್ಕಳ ಆಟಿಕೆಗೂ ಕನ್ನಡದಲ್ಲಿ ಒಂದೇ ಹೆಸರಿನ ನಂಟು.

ಫಿರಂಗಿಯ ಹೆಸರುಗಳು ಮಾತ್ರ ಹೊರಗಿನಿಂದ ಬಂದವು. 'ತೋಪು' ತುರ್ಕಿ ಮೂಲದ್ದು. 'ಫಿರಂಗಿ' ಎಂದರೆ ಫ್ರಾಂಕರ ನಾಡಿನದು, ಯುರೋಪಿನದು. ನಮ್ಮಲ್ಲಿ ಆಳಿಗೂ ಆಯುಧಕ್ಕೂ ಅದೇ ಹೆಸರು ನಿಂತಿತು. ಹಳ್ಳಿಯ 'ಗುಂಡುತೋಪಿ'ಗೂ ಇದಕ್ಕೂ ಸಂಬಂಧವಿಲ್ಲ. ಹೆಸರಿನಲ್ಲಿ ಗುಂಡೂ ಇದೆ, ತೋಪೂ ಇದೆ, ಆದರೆ ಅದು ಊರಿನವರೆಲ್ಲರ ನೆರಳಿನ ಮರಗಳ ತೋಪು.

ಪದ ಬಂದ ದಾರಿಯಲ್ಲೇ ವಸ್ತುವೂ ಬಂತು. ಬಾಬರ್ ಪಾಣಿಪತ್‌ನಲ್ಲಿ ತೋಪು ಹಾರಿಸಿದ್ದು 1526ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ, 1520ರಲ್ಲಿ, ರಾಯಚೂರಿನ ಬಯಲಲ್ಲಿ ಕೃಷ್ಣದೇವರಾಯನ ಸೈನ್ಯ ಬಿಜಾಪುರದ ಆದಿಲ್ ಶಾಹನ ತೋಪುಗಳಿಗೆ ಎದೆಯೊಡ್ಡಿ ಗೆದ್ದಿತ್ತು. ವಿಜಯಪುರದ ಬುರುಜಿನ ಮೇಲೆ ಇಂದಿಗೂ ಕುಳಿತಿರುವ ಮಲಿಕ್-ಎ-ಮೈದಾನ್ ಎರಕಗೊಂಡದ್ದು 1549ರಲ್ಲಿ, ಅಹಮದ್‌ನಗರದಲ್ಲಿ. ತೂಕ ಸುಮಾರು 55 ಟನ್. ಬಿಜಾಪುರ ಬ್ರಿಟಿಷರ ಕೈ ಸೇರಿದ ಮೇಲೆ, 1854ರಲ್ಲಿ, ಇದನ್ನು ಹರಾಜಿಗಿಟ್ಟರು. ಬಂದ ಕೂಗು 150 ರೂಪಾಯಿ. ಪುಣ್ಯಕ್ಕೆ ಮಾರಾಟ ರದ್ದಾಯಿತು.

ಮುಂಬೈಯ ಸುತ್ತಲಿನ ನೀರು ಈ ಸದ್ದನ್ನು ಮೂರು ಶತಮಾನ ಕೇಳಿತು. ನಗರದ ಉತ್ತರಕ್ಕಿರುವ ವಸಯಿ ಕೋಟೆಯನ್ನು ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ಗೆದ್ದದ್ದು 1739ರ ಮೇ ತಿಂಗಳಲ್ಲಿ. ಅಲ್ಲಿನ ಇಗರ್ಜಿಗಳ ಘಂಟೆಗಳನ್ನು ಮರಾಠರು ಹೊತ್ತೊಯ್ದು ಭೀಮಾಶಂಕರದಲ್ಲೂ ನಾಸಿಕದ ನಾರೋಶಂಕರ ಗುಡಿಯಲ್ಲೂ ಕಟ್ಟಿದರು. ನಾಸಿಕದ ಘಂಟೆಯ ಮೇಲೆ 1721 ಎಂಬ ಇಸವಿ ಇದೆ. ಘಂಟೆ ಎರಕ ಹೊಯ್ಯುವ ವಿದ್ಯೆಯೂ ಕಂಚಿನ ತೋಪು ಎರಕ ಹೊಯ್ಯುವ ವಿದ್ಯೆಯೂ ಅಣ್ಣತಮ್ಮಂದಿರು.

1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಮುಂಬೈ ಕೋಟೆಯ ಗೋಡೆಗಳನ್ನು ಕೆಡವಿಸಿದ. ಕೋಟೆ ಹೋದ ಮೇಲೆ ಕೋಟೆಯ ತೋಪಿಗೇನು ಕೆಲಸ? ಕೆಲವನ್ನು ನೆಲದಲ್ಲಿ ನೆಟ್ಟಗೆ ಹೂತು ರಸ್ತೆಯಂಚಿನ, ಹಡಗುಕಟ್ಟೆಯಂಚಿನ ಗೂಟ ಮಾಡಿದರು. ಮಲಬಾರ್ ಹಿಲ್‌ನ ರಾಜಭವನದ ಆವರಣದಲ್ಲಿ ಮಣ್ಣುಪಾಲಾಗಿದ್ದ ಎರಡು ತೋಪುಗಳು 2018ರಲ್ಲಿ ಸಿಕ್ಕವು. ಒಂದೊಂದೂ ಸುಮಾರು 22 ಟನ್. ಕ್ರೇನ್ ತರಿಸಿ ಅವನ್ನು ಮೇಲೆತ್ತಬೇಕಾಯಿತು.

ತೋಪುಗಳು ಗೂಟಗಳಾದ ಹೊತ್ತಿಗೇ ಮದ್ದು ಜನರ ಕೈಯಿಂದ ಹೊರಟುಹೋಯಿತು. 1857ರ ದಂಗೆಯ ನಂತರ ಬ್ರಿಟಿಷರು ಹಳ್ಳಿಹಳ್ಳಿಯ ಕೋವಿಗಳನ್ನು ಕಸಿದುಕೊಂಡರು. 1878ರಲ್ಲಿ ಶಸ್ತ್ರಾಸ್ತ್ರ ಕಾಯಿದೆ ಬಂತು, 1884ರಲ್ಲಿ ಸ್ಫೋಟಕ ಕಾಯಿದೆ. ಕೊಡಗಿನವರಿಗೆ ಮಾತ್ರ 1861ರಿಂದಲೇ ವಿನಾಯಿತಿ ಇತ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಇಂದಿಗೂ ಕೋವಿಗೆ ಪೂಜೆ ನಡೆಯುವುದಕ್ಕೆ ಅದೂ ಒಂದು ಕಾರಣ. ಶಸ್ತ್ರಾಸ್ತ್ರ ಕಾಯಿದೆಯ ಜಾಗಕ್ಕೆ 1959ರಲ್ಲಿ ನಮ್ಮದೇ ಕಾಯಿದೆ ಬಂತು. ಸ್ಫೋಟಕ ಕಾಯಿದೆ ಇನ್ನೂ ಅದೇ 1884ರದು. ಪರವಾನಗಿಯಿಲ್ಲದೆ ಮದ್ದು ತಯಾರಿಸುವುದು ಅಪರಾಧ.

ಅಮೆರಿಕದ ದಾರಿಯೇ ಬೇರೆ. ಅಲ್ಲಿ ಬಾಯಿಯಿಂದ ಮದ್ದು ತುಂಬುವ ಹಳೆಯ ಮಾದರಿಯ ತೋಪು 1968ರ ಬಂದೂಕು ಕಾಯಿದೆಯಲ್ಲಿ ಪುರಾತನ ವಸ್ತು ಎಂದು ಬಹುಮಟ್ಟಿಗೆ ಹೊರಗುಳಿಯಿತು. ಹೀಗಾಗಿ ತೋಪು ಕಟ್ಟುವುದು ಭಾನುವಾರದ ಹವ್ಯಾಸವಾಯಿತು. ವರ್ಜೀನಿಯಾದ ವಿಂಚೆಸ್ಟರ್ ಊರಿನ ಬಳಿ ಅಂತರ್ಯುದ್ಧ ಕಾಲದ ತೋಪುಗಳಿಂದ ಗುರಿಯಿಡುವ ಸ್ಪರ್ಧೆಗಳೇ ನಡೆಯುತ್ತವೆ. ಅಲ್ಲಿ ತೋಪಿನ ಚಕ್ರ ಮಾಡುವವರಿದ್ದಾರೆ, ಕೊಳವೆ ಕೊರೆಯುವವರಿದ್ದಾರೆ, ಸಿಡಿದು ಕೈ ಕಳೆದುಕೊಂಡವರೂ ಇದ್ದಾರೆ.

ಇಲ್ಲಿ ಆ ಆಸೆ ಸತ್ತುಹೋಯಿತೇ? ಇಲ್ಲ, ಬೇರೆ ಬೇರೆ ಕಡೆ ಹಂಚಿಹೋಯಿತು. ಒಂದು ಪಾಲು ಸರಕಾರದ ಬಳಿ ಉಳಿಯಿತು. ಮೈಸೂರು ದಸರೆಯಲ್ಲಿ ಚಿನ್ನದ ಅಂಬಾರಿಯ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ನಡೆಯುವಾಗ, ರಾಷ್ಟ್ರಗೀತೆಯ ಜತೆಗೆ, ಪೊಲೀಸರ ಫಿರಂಗಿ ದಳ 21 ಕುಶಾಲತೋಪು ಹಾರಿಸುತ್ತದೆ. ಮದ್ದು ತುಂಬಿ ಗಜದಿಂದ ಜಡಿಯುವುದು, ಹಾರಿಸಿದ ಮೇಲೆ ಒಳಗೆ ಕಿಡಿ ಉಳಿಯದಂತೆ ಕೊಳವೆಯನ್ನು ಒರೆಸುವುದು, ಎಲ್ಲವೂ ಹಳೆಯ ಕ್ರಮದಲ್ಲೇ. ಸದ್ದಿಗೆ ಬೆದರದಂತೆ ಆನೆ ಕುದುರೆಗಳಿಗೆ ಮೊದಲೇ ತಾಲೀಮು ಕೊಡುತ್ತಾರೆ. ಸೆಕೆಂಡುಗಳ ಲೆಕ್ಕದಲ್ಲಿ ಕೈಗಳು ಒಂದರ ಹಿಂದೊಂದು ಓಡುವ ಆ ಕೆಲಸ ನೋಡಿದರೆ ತೋಪಿನ ಮಾರ್ಗ ಎಷ್ಟು ಜನರ ಶಿಸ್ತನ್ನು ಬೇಡುತ್ತದೆ ಎಂಬುದು ತಿಳಿಯುತ್ತದೆ.

ಇನ್ನೊಂದು ಪಾಲು ದೇವಸ್ಥಾನಗಳಿಗೆ ಹೋಯಿತು. ಕಾಸರಗೋಡು, ತುಳುನಾಡಿನ ಜಾತ್ರೆಗಳಲ್ಲಿ ಕಬ್ಬಿಣದ ಗಿಡ್ಡ ಕೊಳವೆಗೆ ಮದ್ದು ಜಡಿದು ಸಿಡಿಸುವ ಕದಿನ ಇದೆ. ದೇವರು ಹೊರಟರು ಎಂದು ಊರಿಗೆ ತಿಳಿಯುವುದೇ ಆ ಸದ್ದಿನಿಂದ. ಆದರೆ ಮದ್ದಿಗೆ ದೇವರ ಮನೆ, ಬೀದಿ ಎಂಬ ಭೇದವಿಲ್ಲ. 2024ರ ಅಕ್ಟೋಬರ್‌ನಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ತೆಯ್ಯಂ ನಡೆಯುತ್ತಿದ್ದಾಗ ಪಟಾಕಿ ದಾಸ್ತಾನಿಗೆ ಬೆಂಕಿ ತಗಲಿ ನೂರಕ್ಕೂ ಹೆಚ್ಚು ಜನ ಸುಟ್ಟುಕೊಂಡರು, ಕೆಲವರು ಜೀವ ಬಿಟ್ಟರು.

ಮೂರನೆಯ ಪಾಲು ಮಕ್ಕಳ ಕೈಗೆ ಬಂತು, ಅಲ್ಲಿ ಅದು ಎರಡು ದಾರಿ ಹಿಡಿಯಿತು. 2025ರ ದೀಪಾವಳಿಗೆ ಮಧ್ಯಪ್ರದೇಶದಲ್ಲಿ 'ಕಾರ್ಬೈಡ್ ಗನ್' ಎಂಬ ಅಗ್ಗದ ಕೊಳವೆಗಳು ಬೀದಿಬೀದಿಯಲ್ಲಿ ಮಾರಾಟವಾದವು. ಅದರಲ್ಲಿ ಮದ್ದೂ ಇರಲಿಲ್ಲ, ಅನಿಲದ ಸ್ಫೋಟ ಅಷ್ಟೆ. ಸಿಡಿಯಲಿಲ್ಲವಲ್ಲ ಎಂದು ಬಗ್ಗಿ ನೋಡಿದ ಮಕ್ಕಳ ಕಣ್ಣಿಗೇ ಅದು ಹೊಡೆಯಿತು. ಭೋಪಾಲದ ಆಸ್ಪತ್ರೆಗಳು ಅಂಥ ಮಕ್ಕಳಿಂದ ತುಂಬಿದವು, ಕೆಲವರ ದೃಷ್ಟಿಯೇ ಹೋಯಿತು.

ಅದೇ ದೀಪಾವಳಿಗೆ ಗಿರ್‌ಗಾಂವ್‌ನಿಂದ ಡೊಂಬಿವಲಿಯವರೆಗೆ ಚಾಳುಗಳ ಅಂಗಳದಲ್ಲಿ ಮಕ್ಕಳು ಮಣ್ಣಿನ ಕೋಟೆ ಕಟ್ಟುತ್ತಾರೆ. ಇಟ್ಟಿಗೆ, ಗೋಣಿ, ಕೆಮ್ಮಣ್ಣು. ಇಳಿಜಾರಿನಲ್ಲಿ ಹುಲ್ಲು ಕಾಣಲೆಂದು ಸಾಸಿವೆಯನ್ನೋ ಆಳ್ವಿಯನ್ನೋ ಬಿತ್ತುತ್ತಾರೆ. ಬುರುಜಿನ ಮೇಲೆ ಕಿರುಬೆರಳಿನಷ್ಟು ಉದ್ದದ ಮಣ್ಣಿನ ತೋಪು. ಅದು ಸಿಡಿಯುವುದಿಲ್ಲ, ಸಿಡಿಯಬೇಕಾಗಿಯೂ ಇಲ್ಲ.

ಈ ಮಕ್ಕಳಲ್ಲಿ ಕೆಲವರು ದೊಡ್ಡವರಾಗಿ ರಜೆಯ ದಿನ ಸಹ್ಯಾದ್ರಿಯ ಕೋಟೆಗಳನ್ನು ಹತ್ತುತ್ತಾರೆ. ಕಳೆದ ಒಂದೆರಡು ದಶಕಗಳಿಂದ ಮುಂಬೈ, ಠಾಣೆ, ಪುಣೆಗಳ ಸ್ವಯಂಸೇವಕ ತಂಡಗಳು ಕೋಟೆಗಳಲ್ಲಿ ಮಣ್ಣು ಹಿಡಿದು ಬಿದ್ದಿದ್ದ ತೋಪುಗಳನ್ನು ಎತ್ತಿ, ಸಾಗುವಾನಿ ಮರದ ಗಾಡಿ ಮಾಡಿಸಿ ಕೂರಿಸುತ್ತಿವೆ. 'ತೋಫ್‌ಗಾಡಾ' ಎಂದು ಅದಕ್ಕೆ ಹೆಸರು. ವಂತಿಗೆ ಎತ್ತುವುದು, ಬಡಗಿಯನ್ನು ಹುಡುಕುವುದು, ಇಲಾಖೆಯ ಅನುಮತಿಗೆ ಅಲೆಯುವುದು, ಬಿಡಿ ಭಾಗಗಳನ್ನು ಹೆಗಲ ಮೇಲೆ ಬೆಟ್ಟಕ್ಕೆ ಸಾಗಿಸುವುದು, ಎಲ್ಲ ಅವರದೇ ಕೆಲಸ. ಒಂದು ಕಾಲದಲ್ಲಿ ಮುಂಬೈಯ ಕೊಲಾಬಾದಲ್ಲಿ ತೋಪಿನ ಗಾಡಿಗಳ ದೊಡ್ಡ ಸರಕಾರಿ ಕಾರ್ಖಾನೆಯೇ ಇತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಆ ಕೆಲಸ ಜಬಲ್‌ಪುರಕ್ಕೆ ಹೋಯಿತು. ಈಗ ಅದೇ ನಗರದ ಬ್ಯಾಂಕ್ ಗುಮಾಸ್ತರು, ಕಾಲೇಜು ಹುಡುಗರು ಸಂಬಳವಿಲ್ಲದೆ ಅದನ್ನು ಮತ್ತೆ ಕಲಿಯುತ್ತಿದ್ದಾರೆ.

ಹಾರದ ತೋಪಿಗೆ ಇಷ್ಟೇಕೆ ಒದ್ದಾಟ ಎಂದು ಕೇಳುವವರಿದ್ದಾರೆ. ಮಲಿಕ್-ಎ-ಮೈದಾನ್‌ಗೆ 150 ರೂಪಾಯಿ ಕೂಗಿದವನ ಲೆಕ್ಕದಲ್ಲಿ ಅದು ಕರಗಿಸಬಹುದಾದ ಕಂಚು ಅಷ್ಟೆ. ದಾರೂಖಾನಾದ ಲೆಕ್ಕದಲ್ಲಿ ವಿಕ್ರಾಂತ್ ಕೂಡ ಟನ್ನಿಗೆ ಇಷ್ಟು ಎಂಬ ಲೋಹ. ನೆಲಕ್ಕೆ ಬಿದ್ದ ತೋಪು ಗುಜರಿಯಾಗುವುದಕ್ಕೆ ಹೆಚ್ಚು ದಿನ ಬೇಕಿಲ್ಲ. ಗಾಡಿಯ ಮೇಲೆ ಕುಳಿತ ತೋಪಿನ ಮುಂದೆ ಮಾತ್ರ ಕೋಟೆ ಹತ್ತಿ ಬಂದವನು ನಿಲ್ಲುತ್ತಾನೆ, ಅದರ ಬಾಯಿ ನೋಡುತ್ತಾನೆ, ಅದು ಯಾವ ದಿಕ್ಕಿಗೆ ತಿರುಗಿದೆ ಎಂದು ತಾನೂ ಆ ಕಡೆ ತಿರುಗುತ್ತಾನೆ. ಆಗ ಕಣಿವೆಯ ದಾರಿ, ದೂರದ ಕೊಲ್ಲಿ, ಹಡಗು ಬರಬಹುದಾಗಿದ್ದ ಜಾಗ ಕಾಣುತ್ತದೆ. ಅಷ್ಟಕ್ಕೆ ಮದ್ದು ಬೇಕಾಗಿಲ್ಲ.