ಖಂಡುಗ ಮತ್ತು ಡಾಲರು

ಹೊಲವೊಂದಕ್ಕೆ ಬೆಲೆ ಕಟ್ಟಹೊರಟ ಹಳೆಯ ಮೈಸೂರು ಸೀಮೆಯ ರೈತನು, ಹೋದ ವರ್ಷ ಅದರಲ್ಲಿ ಎಷ್ಟು ಬೆಳೆಯಿತೆಂದು ಕೇಳಿ ಸುಮ್ಮನಾಗುವವನಲ್ಲ; ಕೆರೆ ಕೋಡಿ ಬಿದ್ದ ವರ್ಷ ಎಷ್ಟು, ಮುಂಗಾರು ಕೈಕೊಟ್ಟ ವರ್ಷ ಎಷ್ಟು, ಎರಡೂ ಅಲ್ಲದ ಸಾಧಾರಣ ವರ್ಷಗಳಲ್ಲಿ ಎಷ್ಟು ಎಂದು ಹತ್ತಾರು ವರ್ಷಗಳ ಲೆಕ್ಕವನ್ನು ಕೆದಕಿ, ಸರಾಸರಿ ಇಷ್ಟು ಖಂಡುಗ ಎಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡ ಮೇಲೆಯೇ ವ್ಯಾಪಾರದ ಮಾತಿಗೆ ಕೂಡುವನು. ಈ ಲೆಕ್ಕದಲ್ಲಿ ಆತನಿಗೆ ಅರಿವಿಲ್ಲದೆಯೇ ಒದಗಿದ ಸೌಭಾಗ್ಯವೊಂದುಂಟು. ಖಂಡುಗದ ಪ್ರಮಾಣ ಸೀಮೆಯಿಂದ ಸೀಮೆಗೆ ಬೇರೆಯಾದರೂ, ಅದೇ ಊರಿನಲ್ಲಿ ತಾತನು ಅಳೆದ ಖಂಡುಗವೂ ಮೊಮ್ಮಗನು ಅಳೆಯುವ ಖಂಡುಗವೂ ಒಂದೇ. ಗಳಿಕೆಯನ್ನು ಹಣದಿಂದ ಅಳೆಯುವ ಕಂಪೆನಿಗೆ ಬೆಲೆ ಕಟ್ಟುವವನಿಗಾದರೋ ಈ ನೆಮ್ಮದಿಯಿಲ್ಲ. ಅವನ ಕೈಯಲ್ಲಿರುವ ಅಳತೆಯ ಕೊಳಗವೇ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬರುತ್ತದೆ. ಹತ್ತು ವರ್ಷಗಳ ಗಳಿಕೆಯನ್ನು ಇಂದಿನ ಹಣದ ಬೆಲೆಗೆ ಪರಿವರ್ತಿಸಿ, ಅದರ ಸರಾಸರಿಯ ಮೇಲೆ ಷೇರಿನ ಬೆಲೆಯನ್ನು ತೂಗುವ ಪದ್ಧತಿಯನ್ನು ಇಂದು ಸಾಮಾನ್ಯವಾಗಿ ವಿದ್ವಾಂಸರ ಸೃಷ್ಟಿಯೆಂದು ಭಾವಿಸುತ್ತಾರೆ. ನನ್ನ ಎಣಿಕೆಯಲ್ಲಿ ಅದರ ಬೇರುಗಳು ವಿಶ್ವವಿದ್ಯಾಲಯಗಳಿಗಿಂತ ಅಮೆರಿಕದ ನ್ಯಾಯಸ್ಥಾನಗಳಲ್ಲಿಯೂ ಬೀದಿಗೆ ದೀಪ ಕೊಟ್ಟ ಕಂಪೆನಿಗಳ ಖಾತೆ ಪುಸ್ತಕಗಳಲ್ಲಿಯೂ ಆಳವಾಗಿ ಇಳಿದಿವೆ.

ಲಂಡನ್ನಿನಿಂದ 1881ರಲ್ಲಿ ಬಂದು ಎಡಿಸನ್ನನ ಆಪ್ತ ಕಾರ್ಯದರ್ಶಿಯಾಗಿ ಸೇರಿದ ಸ್ಯಾಮ್ಯುಯೆಲ್ ಇನ್ಸಲ್ ಎಂಬ ತರುಣನು, 1892ರಲ್ಲಿ ಆಗತಾನೆ ಹುಟ್ಟಿದ್ದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ದೊಡ್ಡ ಹುದ್ದೆಯನ್ನು ತೊರೆದು ಶಿಕಾಗೋ ನಗರದ ಸಣ್ಣದೊಂದು ವಿದ್ಯುತ್ ಕಂಪೆನಿಯ ಅಧ್ಯಕ್ಷನಾಗಿ ಹೋದನು. ವಿದ್ಯುತ್ತನ್ನು ಕೂಡಿಡಲಾಗದು, ಸಂಜೆ ಎಲ್ಲರೂ ಒಟ್ಟಿಗೆ ದೀಪ ಹಚ್ಚುವ ಎರಡು ಗಂಟೆಗಾಗಿ ಕೊಂಡ ಯಂತ್ರವು ಮಿಕ್ಕ ಹೊತ್ತೆಲ್ಲ ಸುಮ್ಮನೆ ನಿಂತಿರುತ್ತದೆ, ಅದಕ್ಕೆ ತೆರುವ ಬಡ್ಡಿಯಾದರೋ ನಿಲ್ಲುವುದಿಲ್ಲ ಎಂಬುದು ಅಂದಿನ ಈ ವ್ಯಾಪಾರದ ಒಳಗುಟ್ಟು. 1894ರಲ್ಲಿ ಇಂಗ್ಲೆಂಡಿನ ಬ್ರೈಟನ್ ಊರಿಗೆ ಹೋದಾಗ, ಗಿರಾಕಿಯು ಎಷ್ಟು ಬಳಸಿದನೆಂಬುದನ್ನು ಮಾತ್ರವಲ್ಲದೆ ಒಮ್ಮೆಗೆ ಅತಿ ಹೆಚ್ಚೆಂದರೆ ಎಷ್ಟು ಎಳೆದನೆಂಬುದನ್ನೂ ಗುರುತಿಸುವ ಮೀಟರನ್ನು ಇನ್ಸಲ್ ಕಂಡನು. ಹಗಲು ಹೊತ್ತಿನ ಕಾರ್ಖಾನೆಗಳಿಗೂ ಟ್ರಾಮುಗಳಿಗೂ ಅಗ್ಗದ ದರದಲ್ಲಿ ವಿದ್ಯುತ್ತನ್ನು ಮಾರಿ ಯಂತ್ರಗಳನ್ನು ಬಿಡುವಿಲ್ಲದೆ ದುಡಿಸುವ ದಾರಿ ಅಲ್ಲಿಂದ ತೆರೆಯಿತು. 1903ರಲ್ಲಿ ಫಿಸ್ಕ್ ಬೀದಿಯಲ್ಲಿ 5000 ಕಿಲೋವಾಟ್ ಶಕ್ತಿಯ ಉಗಿ ಟರ್ಬೈನನ್ನು ನಿಲ್ಲಿಸಿದ ಧೈರ್ಯವು ಆ ದಾರಿಯದೇ ಮುಂದಿನ ಹೆಜ್ಜೆ.

ಅದಕ್ಕೆ ಒಂದು ವರ್ಷ ಮೊದಲೇ ನಮ್ಮ ಶಿವನಸಮುದ್ರದಿಂದ, ಅದೇ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಯಂತ್ರಗಳು ಹುಟ್ಟಿಸಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದಿತ್ತು. ಆದರೆ ಅದು ಮೈಸೂರು ಸರ್ಕಾರದ ಸೊತ್ತಾದುದರಿಂದ ತೂಗಲು ಷೇರೂ ಇರಲಿಲ್ಲ, ತಲೆಕೆಡಿಸಿಕೊಳ್ಳಲು ಷೇರುದಾರನೂ ಇರಲಿಲ್ಲ.

ಅಮೆರಿಕದಲ್ಲಿ ಹಾಗಲ್ಲ. ಒಂದೇ ಬೀದಿಯಲ್ಲಿ ಹತ್ತು ಕಂಪೆನಿಗಳು ಕಂಬ ನೆಡುವುದು ವ್ಯರ್ಥವೆಂಬುದು ಎಲ್ಲರಿಗೂ ಗೊತ್ತಾದ ಮೇಲೆ, ಒಂದೇ ಕಂಪೆನಿಗೆ ಊರನ್ನು ಬಿಟ್ಟುಕೊಟ್ಟು ಪ್ರತಿಯಾಗಿ ಅದರ ದರವನ್ನು ಸರ್ಕಾರ ನಿಗದಿಮಾಡುವ ಒಪ್ಪಂದವು ರೂಢಿಗೆ ಬಂದಿತು. ಇಂಥ ನಿಯಂತ್ರಣವನ್ನು 1898ರಲ್ಲಿಯೇ ತನ್ನ ಉದ್ಯಮದವರ ಸಭೆಯಲ್ಲಿ ಕೋರಿದವನು ಇನ್ಸಲ್‌ನೇ ಎಂಬುದು ಮೊದಲು ಕೇಳುವವರಿಗೆ ವಿಚಿತ್ರವೆನಿಸಬಹುದು. 1907ರಲ್ಲಿ ವಿಸ್ಕಾನ್ಸಿನ್, ನ್ಯೂಯಾರ್ಕ್ ರಾಜ್ಯಗಳು ಅದಕ್ಕಾಗಿ ಆಯೋಗಗಳನ್ನು ಏರ್ಪಡಿಸಿದವು. ಕಂಪೆನಿಯು ಹೂಡಿದ ಸೊತ್ತಿನ ಬೆಲೆಯ ಮೇಲೆ ನ್ಯಾಯವಾದ ಪ್ರತಿಫಲ ಸಿಗುವಂತೆ ದರವನ್ನು ಗೊತ್ತುಮಾಡತಕ್ಕದ್ದು ಎಂಬುದೇ ಸೂತ್ರ. ಸೊತ್ತಿನ ಬೆಲೆ ಎಂದರೆ ಯಾವ ಬೆಲೆ? ಕೊಂಡ ದಿನದ್ದೋ, ಇಂದು ಮತ್ತೆ ಕಟ್ಟಿಸಹೋದರೆ ತಗಲುವುದೋ?

ಈ ಪ್ರಶ್ನೆ ದೀಪದ ಕಂಪೆನಿಗಳಿಗೆ ರೈಲು ಕಂಪೆನಿಗಳಿಂದ ಬಳುವಳಿಯಾಗಿ ಬಂದುದು. ನೆಬ್ರಾಸ್ಕ ರಾಜ್ಯವು 1893ರಲ್ಲಿ ರೈಲು ಸಾಗಣೆಯ ದರಕ್ಕೆ ಮಿತಿ ಹಾಕಲು, ಮೊಕದ್ದಮೆಯು ಸುಪ್ರೀಂ ಕೋರ್ಟಿಗೆ ಹೋಯಿತು. ರಾಜ್ಯದ ಪರವಾಗಿ ವಾದಿಸಿದವನು, 1896ರ ಅಧ್ಯಕ್ಷ ಚುನಾವಣೆಯಲ್ಲಿ ಸೋತಿದ್ದ ಮಹಾ ವಾಗ್ಮಿ ವಿಲಿಯಂ ಜೆನಿಂಗ್ಸ್ ಬ್ರಯನ್. ಅಂತರ್ಯುದ್ಧದ ನಂತರದ ಮೂರು ದಶಕಗಳಲ್ಲಿ ಬೆಲೆಗಳು ಇಳಿಯುತ್ತಲೇ ಬಂದಿದ್ದುದರಿಂದ, ಹಳೆಯ ದುಬಾರಿ ಖರ್ಚನ್ನು ಬಿಟ್ಟು ಇಂದು ಕಟ್ಟಿದರೆ ತಗಲುವ ಕಡಿಮೆ ಬೆಲೆಯನ್ನೇ ಎಣಿಸಬೇಕೆಂದು ಆತನು ಜನರ ಪರವಾಗಿ ವಾದಿಸಿದನು. 1898ರ ತೀರ್ಪಿನಲ್ಲಿ ನ್ಯಾಯಾಧೀಶರು ನೆಬ್ರಾಸ್ಕದ ದರಗಳನ್ನು ತಳ್ಳಿಹಾಕಿದರು. ಆದರೆ 'ನ್ಯಾಯಬೆಲೆ'ಯನ್ನು ಕಾಣುವಾಗ ಮೂಲ ಖರ್ಚು, ಇಂದಿನ ಖರ್ಚು, ಷೇರುಗಳ ಪೇಟೆಯ ಬೆಲೆ ಎಲ್ಲವನ್ನೂ ಲಕ್ಷಿಸಬೇಕೆಂದು ಹೇಳಿ ಕೈ ತೊಳೆದುಕೊಂಡರು. ಷೇರಿನ ಬೆಲೆ ಗಳಿಕೆಯಿಂದ, ಗಳಿಕೆ ದರದಿಂದ, ದರವೋ ಮತ್ತೆ ಷೇರಿನ ಬೆಲೆಯಿಂದ: ಬೀಜವೃಕ್ಷನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಮ್ಮ ತಾರ್ಕಿಕರೂ ಒದಗಿಸಿರಲಾರರು. ಮೊದಲನೆಯ ಮಹಾಯುದ್ಧವು ಬೆಲೆಗಳನ್ನು ಏರಿಸಿದೊಡನೆ ವಾದಿ ಪ್ರತಿವಾದಿಗಳು ಪೀಠಗಳನ್ನು ಅದಲುಬದಲು ಮಾಡಿಕೊಂಡರು. ಈಗ ಇಂದಿನ ಖರ್ಚೇ ನ್ಯಾಯವೆಂದವರು ಕಂಪೆನಿಯವರು. ಮೂಲ ಖರ್ಚೇ ಸತ್ಯವೆಂದವರು ಜನರ ಪರವಾದವರು. ಹಣದ ಬೆಲೆ ಬದಲಾಗುತ್ತದೆ ಎಂಬ ಅರಿವು ಹೀಗೆ, ಯಾರ ಅಂಗಾಲಿಗೆ ಮುಳ್ಳು ಚುಚ್ಚಿತೋ ಅವರಿಗೆ ಮಾತ್ರ, ಸರದಿಯ ಮೇಲೆ ಆಗುತ್ತ ಬಂದಿತು. 1944ರಲ್ಲಿ ಹೋಪ್ ಎಂಬ ನೈಸರ್ಗಿಕ ಅನಿಲ ಕಂಪೆನಿಯ ಮೊಕದ್ದಮೆಯಲ್ಲಿ, ಬಳಸಿದ ಸೂತ್ರಕ್ಕಿಂತ ಅದರಿಂದ ಬಂದ ಫಲವನ್ನು ನೋಡತಕ್ಕದ್ದೆಂದು ತೀರ್ಪಾಗಲು, ಆಯೋಗಗಳು ಸಾಮಾನ್ಯವಾಗಿ ಮೂಲ ಖರ್ಚಿನ ಕಡೆಗೇ ವಾಲಿದವು.

ಅಷ್ಟರಲ್ಲಿ ಇನ್ಸಲ್‌ನ ಸಾಮ್ರಾಜ್ಯವು ಎದ್ದು ಬಿದ್ದಿತ್ತು. ಒಂದು ಕಂಪೆನಿಯ ಷೇರನ್ನು ಮತ್ತೊಂದು, ಅದರದನ್ನು ಮಗದೊಂದು ಹಿಡಿದುಕೊಂಡು, ಪ್ರತಿ ಅಂತಸ್ತಿನಲ್ಲಿಯೂ ಸಾಲವನ್ನು ಪೇರಿಸಿ ಕಟ್ಟಿದ ಆ ಗೋಪುರವು 1932ರಲ್ಲಿ ಕುಸಿಯಿತು. ಗ್ರೀಸಿಗೆ ಓಡಿಹೋಗಿದ್ದ ಮುದುಕನನ್ನು 1934ರಲ್ಲಿ ಹಿಡಿದುತಂದು ವಿಚಾರಣೆಗೆ ನಿಲ್ಲಿಸಿದರೂ ನ್ಯಾಯಸ್ಥಾನವು ಆತನನ್ನು ನಿರ್ದೋಷಿಯೆಂದು ಬಿಟ್ಟಿತು. ಅದೇ 1934ರಲ್ಲಿ, 1929ರ ನಂತರದ ಷೇರುಪೇಟೆಯ ಪತನದಲ್ಲಿ ತಾನೂ ಬಹಳ ಕಳೆದುಕೊಂಡಿದ್ದ ಬೆಂಜಮಿನ್ ಗ್ರಹಾಮನು ಕೊಲಂಬಿಯ ವಿಶ್ವವಿದ್ಯಾಲಯದ ಡೇವಿಡ್ ಡಾಡ್‌ನೊಡನೆ ಸೇರಿ ಷೇರು ಸಾಲಪತ್ರಗಳ ಪರೀಕ್ಷೆಯನ್ನು ಕುರಿತ ದಪ್ಪನೆಯ ಗ್ರಂಥವನ್ನು ಹೊರತಂದನು. ಒಂದು ವರ್ಷದ ಗಳಿಕೆಯನ್ನು ನಂಬಬೇಡಿ, ಐದು ವರ್ಷಕ್ಕೆ ಕಡಿಮೆಯಿಲ್ಲದೆ, ಏಳೋ ಹತ್ತೋ ವರ್ಷಗಳಾದರೆ ಇನ್ನೂ ಮೇಲು, ಸರಾಸರಿಯನ್ನು ಹಿಡಿಯಿರಿ, ಆ ಸರಾಸರಿಯ ಸುಮಾರು ಹದಿನಾರು ಪಟ್ಟಿಗೆ ಮೀರಿ ಕೊಟ್ಟರೆ ಅದು ಹೂಡಿಕೆಯಲ್ಲ, ಜೂಜು ಎಂಬುದು ಅದರ ತಾತ್ಪರ್ಯ. ನಮ್ಮ ರೈತನ ಲೆಕ್ಕವೇ ಅಲ್ಲವೆ? ಹಣದುಬ್ಬರವನ್ನು ಅದರಲ್ಲಿ ಸೇರಿಸುವ ತವಕ ಗ್ರಹಾಮನಿಗೆ ಆಗ ಹುಟ್ಟದಿದ್ದುದು ಸಹಜ. ಹಿಂದಿನ ಹತ್ತು ವರ್ಷಗಳಲ್ಲಿ ಬೆಲೆಗಳು ಏರುವುದಕ್ಕೆ ಬದಲಾಗಿ ಬಿದ್ದಿದ್ದವು.

ಈ ಕೊರತೆಯನ್ನು ತುಂಬಲು ಮೊದಲು ಮುಂದಾದವರಲ್ಲಿ ಒಂದು ಸಾರ್ವಜನಿಕ ಸೇವೆಯ ಕಂಪೆನಿಯೂ ಇದ್ದಿತು. ಇಂಡಿಯಾನ ಟೆಲಿಫೋನ್ ಕಾರ್ಪೊರೇಷನ್ ಎಂಬ ಸಾಧಾರಣ ಗಾತ್ರದ ಸಂಸ್ಥೆಯು 1950ರ ದಶಕದ ನಡುವಿನಿಂದ ತನ್ನ ವಾರ್ಷಿಕ ವರದಿಯಲ್ಲಿ ಎರಡು ಬಗೆಯ ಲೆಕ್ಕವನ್ನು ಅಚ್ಚು ಹಾಕಿಸತೊಡಗಿತು: ಒಂದು ಎಲ್ಲರಂತೆ ಮೂಲ ಖರ್ಚಿನದು, ಇನ್ನೊಂದು ಡಾಲರಿನ ಕೊಳ್ಳುವ ಶಕ್ತಿಗೆ ಸರಿಹೊಂದಿಸಿದುದು. ಇಪ್ಪತ್ತು ವರ್ಷಗಳ ಹಿಂದೆ ನೂರು ಡಾಲರಿಗೆ ಕೊಂಡ ತಂತಿಗೆ ವರ್ಷಕ್ಕೆ ಐದು ಡಾಲರು ಸವಕಳಿಯೆಂದು ತೆಗೆದಿಟ್ಟು ಬಂದವನು, ತಂತಿ ಹಳತಾದ ದಿನ ಪೆಟ್ಟಿಗೆ ತೆರೆದರೆ ನೂರು ಡಾಲರು ಸರಿಯಾಗಿಯೇ ಇರುತ್ತದೆ. ಹೊಸ ತಂತಿಯ ಬೆಲೆಯಾದರೋ ಇನ್ನೂರು ಆಗಿರುತ್ತದೆ. ಅಲ್ಲಿಯವರೆಗೆ ಲಾಭವೆಂದು ಹಂಚಿದುದರಲ್ಲಿ ಒಂದು ಭಾಗ ಬಂಡವಾಳವೇ ಆಗಿತ್ತು. ತಂತಿಯನ್ನೇ ತುಂಡುತುಂಡಾಗಿ ಷೇರುದಾರರಿಗೆ ಕೊಟ್ಟಂತಾಯಿತು. ಇದನ್ನು ಎರಡನೆಯ ಲೆಕ್ಕವು ಮರೆಮಾಚದೆ ತೋರಿಸುತ್ತಿತ್ತು. ಅದನ್ನು ಓದಿ ಅನುಸರಿಸಿದ ಕಂಪೆನಿಗಳು ವಿರಳ. 1970ರ ದಶಕದ ಬೆಲೆಯೇರಿಕೆಯ ಬಿಸಿಯಲ್ಲಿ, 1979ರಲ್ಲಿ, ಅಮೆರಿಕದ ಲೆಕ್ಕಶಾಸ್ತ್ರದ ಮಂಡಳಿಯು ದೊಡ್ಡ ಕಂಪೆನಿಗಳೆಲ್ಲ ಇಂಥ ಲೆಕ್ಕವನ್ನು ಅನುಬಂಧವಾಗಿ ಕೊಡಬೇಕೆಂದು ವಿಧಿಸಿತು. ಬಿಸಿ ಆರಿದ ಮೇಲೆ, 1986ರಲ್ಲಿ, ಇಷ್ಟವಿದ್ದವರು ಕೊಟ್ಟರೆ ಸಾಕೆಂದಿತು.

ಲೆಕ್ಕಿಗರು ಕೆಳಗಿಟ್ಟ ಕೊಳಗವನ್ನು ಎರಡೇ ವರ್ಷಗಳಲ್ಲಿ ಅರ್ಥಶಾಸ್ತ್ರಜ್ಞರು ಎತ್ತಿಕೊಂಡರು. 1988ರಲ್ಲಿ ಜಾನ್ ಕ್ಯಾಂಬೆಲ್, ರಾಬರ್ಟ್ ಶಿಲ್ಲರ್ ಇಬ್ಬರೂ, ಗ್ರಹಾಮ್ ಡಾಡ್‌ರ ಹಳೆಯ ಸಲಹೆಯನ್ನು ನೆನೆದು, ಪೇಟೆಯ ಒಟ್ಟು ಬೆಲೆಯನ್ನು ಹತ್ತು ವರ್ಷ, ಮೂವತ್ತು ವರ್ಷಗಳ ಗಳಿಕೆಯ ಸರಾಸರಿಯೊಡನೆ ಹೋಲಿಸಿದರು. ಆದರೆ ಬೆಲೆ, ಗಳಿಕೆಗಳೆರಡನ್ನೂ ಮೊದಲು ಹಣದುಬ್ಬರದಿಂದ ತೊಳೆದು. 1871ರವರೆಗೆ ಹಿಂದಕ್ಕೆ ಹೋಗುವ ಆ ಅಂಕಿಗಳ ಹಳೆಯ ಭಾಗವು ಆಲ್ಫ್ರೆಡ್ ಕೌಲ್ಸ್ ಎಂಬ ಸಿರಿವಂತನು 1930ರ ದಶಕದಲ್ಲಿ ರಂಧ್ರ ಕೊರೆದ ಕಾರ್ಡುಗಳ ಯಂತ್ರದ ನೆರವಿನಿಂದ ಕಲೆಹಾಕಿಸಿದುದು; ಅದರಲ್ಲಿ ರೈಲು, ಕೈಗಾರಿಕೆಗಳ ಜೊತೆಗೆ ಸಾರ್ವಜನಿಕ ಸೇವೆಯ ಕಂಪೆನಿಗಳಿಗೂ ಪ್ರತ್ಯೇಕ ಪಂಕ್ತಿಯಿತ್ತು.

ಇಡೀ ಪೇಟೆಗೆ ಹೊಲಿದ ಈ ಅಂಗಿಯನ್ನು ಒಂದೊಂದೇ ಷೇರಿಗೆ ತೊಡಿಸುವ ಹವ್ಯಾಸವು ಬಹುಬೇಗ ಬೆಳೆಯಿತು. ಏರಿಳಿತಗಳಿಲ್ಲದೆ, ಸದಾ ಲಾಭಾಂಶ ಕೊಡುವ ವಿದ್ಯುತ್ ಕಂಪೆನಿಗೆ ಅದು ಎಲ್ಲಕ್ಕಿಂತ ಚೆನ್ನಾಗಿ ಒಪ್ಪಬೇಕೆಂದು ತೋರುವುದು. ನನಗೆ ಹಾಗೆ ತೋರುವುದಿಲ್ಲ. ಕಾರಣವನ್ನು ಅಂಕಿಗಳಲ್ಲಿಯೇ ಹೇಳುವೆನು. 1965ರಿಂದ 1974ರವರೆಗೆ ಪ್ರತಿ ವರ್ಷವೂ ಷೇರಿಗೆ ಎರಡು ಡಾಲರು ಗಳಿಸಿದ ಕಂಪೆನಿಯೊಂದನ್ನು ಕಲ್ಪಿಸಿಕೊಳ್ಳಿರಿ. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕವು 1967ರಲ್ಲಿ 100 ಇದ್ದುದು 1974ರಲ್ಲಿ ಸುಮಾರು 148 ಆಯಿತು. ಆದುದರಿಂದ 1967ರ ಎರಡು ಡಾಲರು 1974ರ ಹಣದಲ್ಲಿ 2.95. ಹೀಗೆ ಹತ್ತೂ ವರ್ಷಗಳನ್ನು ಏರಿಸಿ ಸರಾಸರಿ ತೆಗೆದರೆ ಬರುವುದು ಸುಮಾರು 2.62. ಷೇರು 12 ಡಾಲರಿಗೆ ಸಿಗುತ್ತಿದ್ದರೆ, ಆ ವರ್ಷದ ಗಳಿಕೆಯ ಮೇಲೆ ಅದು ಆರು ಪಟ್ಟು, ಪರಿಷ್ಕೃತ ಸರಾಸರಿಯ ಮೇಲೆ ನಾಲ್ಕೂವರೆ ಪಟ್ಟಿಗೆ ತುಸು ಹೆಚ್ಚು. ಅಗ್ಗಕ್ಕಿಂತ ಅಗ್ಗ! ಆದರೆ ಅದೇ ಅಂಕಿಗಳನ್ನು ವರ್ಷವಾರು ಸಾಲಾಗಿ ಬರೆದು ನೋಡಿ: 1965ರಲ್ಲಿ 3.13, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು 1974ರಲ್ಲಿ 2. ಖಂಡುಗದ ಲೆಕ್ಕದಲ್ಲಿ ಹೊಲದ ಫಸಲು ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕುಗ್ಗಿದೆ. ಸಾಬೂನು ಮಾರುವವನು ಬೆಲೆಯೇರಿದಾಗ ತಾನೂ ಬೆಲೆಯೇರಿಸುವನಾದ್ದರಿಂದ ಅವನ ಹಳೆಯ ಗಳಿಕೆಯನ್ನು ಇಂದಿನ ಹಣಕ್ಕೆ ಏರಿಸುವುದು ಒಪ್ಪುವ ಮಾತು. ದೀಪದ ಕಂಪೆನಿಗೆ ಏರಿಸುವ ಅಧಿಕಾರವಿಲ್ಲ. ಅದು ಆಯೋಗದ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು, ಅರ್ಜಿ ಇತ್ಯರ್ಥವಾಗುವಷ್ಟರಲ್ಲಿ ಬೆಲೆಗಳು ಇನ್ನೊಂದು ಮೆಟ್ಟಿಲು ಹತ್ತಿರುತ್ತವೆ, ಸಿಗುವ ಪ್ರತಿಫಲವೂ ಹಳೆಯ ತಂತಿಯ ಹಳೆಯ ಬೆಲೆಯ ಮೇಲೆ. ಸರಾಸರಿಯು ಬರಗಾಲಕ್ಕೆ ಮದ್ದು. ಹೊಲವೇ ಚೌಳಾಗುತ್ತಿದ್ದರೆ ಅದಕ್ಕೆ ಕಣ್ಣಿಲ್ಲ.

ಇದು ಕೇವಲ ಕಲ್ಪನೆಯ ಮಾತಲ್ಲ. ತಾನು ಬರೆದ ಇನ್ನೊಂದು, ಹೆಚ್ಚು ಜನಪ್ರಿಯವಾದ ಗ್ರಂಥದ 1973ರ ಆವೃತ್ತಿಯಲ್ಲಿ ವೃದ್ಧ ಗ್ರಹಾಮನು ಸಾರ್ವಜನಿಕ ಸೇವೆಯ ಷೇರುಗಳನ್ನು ಎಚ್ಚರಿಕೆಯ ಹೂಡಿಕೆದಾರನಿಗೆ ಆಹ್ವಾನಕರವೆಂದು ಬರೆದನು. ಆತನ ಪಟ್ಟಿಯಲ್ಲಿ ನ್ಯೂಯಾರ್ಕ್ ನಗರಕ್ಕೆ ಬೆಳಕು ಕೊಡುವ ಕನ್ಸಾಲಿಡೇಟೆಡ್ ಎಡಿಸನ್ ಕೂಡ ಇದ್ದಿತು. ಆ ವರ್ಷದ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆಯನ್ನು ತಡೆದವು. ಎಣ್ಣೆಯನ್ನು ಸುಟ್ಟು ವಿದ್ಯುತ್ತು ಮಾಡುತ್ತಿದ್ದ ಕಂಪೆನಿಯ ಖರ್ಚು ಗಗನಕ್ಕೇರಿತು. 1974ರ ಏಪ್ರಿಲ್ ತಿಂಗಳಲ್ಲಿ, 1885ರಿಂದ ಒಮ್ಮೆಯೂ ತಪ್ಪದೆ ಕೊಟ್ಟುಕೊಂಡು ಬಂದಿದ್ದ ಲಾಭಾಂಶವನ್ನು ಅದು ನಿಲ್ಲಿಸಿತು. ವಾಲ್ ಸ್ಟ್ರೀಟಿನವರು ವಿಧವೆಯರೂ ಅನಾಥರೂ ಕಣ್ಣುಮುಚ್ಚಿ ಇಟ್ಟುಕೊಳ್ಳಬಹುದಾದ ಷೇರುಗಳೆಂದು ಕರೆಯುತ್ತಿದ್ದ ಆ ಬಳಗದ ಬುಡವೇ ಅಲುಗಿತು. ಸುಮಾರು 18 ಡಾಲರಿದ್ದ ಷೇರು ತಕ್ಷಣವೇ ಮೂರನೆಯ ಒಂದು ಪಾಲನ್ನು ಕಳೆದುಕೊಂಡು, ತಿಂಗಳುಗಳು ಕಳೆದಂತೆ ಇನ್ನೂ ಕೆಳಕ್ಕೆ ಜಾರಿತು.

ಆ ಪಾತಾಳದ ಬೆಲೆಗೆ ಧೈರ್ಯಮಾಡಿ ಕೊಂಡವರಿಗೆ ಮುಂದೆ ಒಳ್ಳೆಯದೇ ಆಯಿತು, ನಿಜ. ಆದರೆ ಅವರನ್ನು ಕಾಯ್ದುದು ಹತ್ತು ವರ್ಷದ ಸರಾಸರಿಯಲ್ಲ. ನ್ಯೂಯಾರ್ಕ್ ರಾಜ್ಯವು ಕಂಪೆನಿಯು ಕಟ್ಟುತ್ತಿದ್ದ ಎರಡು ಸ್ಥಾವರಗಳನ್ನು, ಇಂಡಿಯನ್ ಪಾಯಿಂಟಿನ ಮೂರನೆಯ ಪರಮಾಣು ಘಟಕವನ್ನೂ ಆಸ್ಟೋರಿಯದ ಆರನೆಯ ಘಟಕವನ್ನೂ, 50 ಕೋಟಿ ಡಾಲರಿನ ಏರ್ಪಾಟಿನಲ್ಲಿ ತನ್ನ ವಿದ್ಯುತ್ ಪ್ರಾಧಿಕಾರಕ್ಕೆ ಕೊಂಡುಕೊಂಡಿತು. ಶಿವನಸಮುದ್ರದಂತೆ ಅವೂ ಸರ್ಕಾರದ ಸೊತ್ತಾದವು. ಅವುಗಳ ಮಟ್ಟಿಗೆ ಇನ್ನು ತೂಗಬೇಕಾದ ಷೇರು ಉಳಿಯಲಿಲ್ಲ.